ಎಪ್ಪತ್ತು ದಾಟಿದವರ ಕಿಡ್ನಿ ಉರಿಯೂತ: ವಯಸ್ಸಾಯ್ತು ಅಂತ ಬಿಡಬೇಕಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇವೆ. ವಯಸ್ಸಾದವರ ಕಿಡ್ನಿಯಲ್ಲಿ ಜೋರಾಗಿ ಉರಿಯೂತ ಎದ್ದಾಗ ಏನು ಮಾಡಬೇಕು ಅನ್ನುವುದು. ಮೊದಲನೆಯದಕ್ಕೆ ಉದ್ದವಾಗಿಯೇ ಉತ್ತರಿಸುತ್ತೇನೆ. ಅಲ್ಲಿ ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ನನ್ನ ಅಮ್ಮನಿಗೆ 72 ವರ್ಷ, ತೂಕ 50 ಕೆಜಿ. ಬಿಪಿ ಬಿಟ್ಟರೆ ಬೇರೆ ಕಾಯಿಲೆ ಇರಲಿಲ್ಲ. ಎರಡು ತಿಂಗಳಿಂದ ಸುಸ್ತು, ಕೀಲುನೋವು, ಊಟ ಸೇರುತ್ತಿಲ್ಲ. ಮೂತ್ರ ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿತ್ತು. ಉರಿಮೂತ್ರ ಅಂತ ಎರಡು ಸಲ ಆಂಟಿಬಯೋಟಿಕ್ ಕೊಟ್ಟರು. ಐದು ವಾರದಲ್ಲಿ ಕ್ರಿಯಾಟಿನಿನ್ 1.1ರಿಂದ 4.6ಕ್ಕೆ ಏರಿದೆ. ಎಂಪಿಒ ಆಂಕಾ ಪರೀಕ್ಷೆ ಪಾಸಿಟಿವ್ ಬಂದಿದೆ. ಬಯಾಪ್ಸಿ ಮಾಡಿ ಸ್ಟಿರಾಯ್ಡ್ ಮತ್ತು ಸೈಕ್ಲೋಫಾಸ್ಫಮೈಡ್ ಶುರು ಮಾಡಬೇಕು ಅಂದಿದ್ದಾರೆ. ಅದು ಕ್ಯಾನ್ಸರ್ ಔಷಧಿಯಂತೆ. "ಈ ವಯಸ್ಸಲ್ಲಿ ಅಕ್ಕನಿಗೆ ಯಾಕೆ ಹಿಂಸೆ ಕೊಡ್ತೀಯ" ಅಂತ ಸೋದರಮಾವ ಬೇಡ ಅನ್ನುತ್ತಿದ್ದಾರೆ. ಮುಂದಿನ ವಾರ ಹೇಳುತ್ತೇವೆ ಅಂತ ಡಾಕ್ಟರಿಗೆ ತಿಳಿಸಿದ್ದೇವೆ. ಏನು ಮಾಡಲಿ?
— ಓದುಗರು, ಶಿವಮೊಗ್ಗ

ಉತ್ತರ: ಮುಂದಿನ ವಾರದವರೆಗೆ ಕಾಯಬೇಡಿ. ಇದನ್ನು ಓದಿದ ದಿನವೇ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿ. ಉಳಿದ ಮಾತನ್ನು ಅಲ್ಲಿ ಕೂತು ಮಾತಾಡಬಹುದು.

ಯಾಕೆ ಇಷ್ಟು ಅವಸರ ಅಂತ ಹೇಳುತ್ತೇನೆ. ನಮ್ಮ ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಪುಟ್ಟ ಜರಡಿಗಳಿವೆ. ಒಂದೊಂದು ಜರಡಿಯೂ ಕೂದಲಿಗಿಂತ ಸಣ್ಣ ರಕ್ತನಾಳಗಳ ಉಂಡೆ. ಅಮ್ಮನಿಗೆ ಬಂದಿರುವ ಕಾಯಿಲೆಯಲ್ಲಿ, ಹೊರಗಿನ ರೋಗಾಣುವಿನ ಮೇಲೆ ಬೀಳಬೇಕಾದ ಬಿಳಿ ರಕ್ತಕಣಗಳು ನಮ್ಮದೇ ರಕ್ತನಾಳದ ಗೋಡೆಯ ಮೇಲೆ ಬೀಳುತ್ತವೆ. ಇದಕ್ಕೆ ಆಂಕಾ ವ್ಯಾಸ್ಕುಲೈಟಿಸ್ ಅನ್ನುತ್ತಾರೆ. ಆಂಕಾ ಅಂದರೆ ಆ ಬಿಳಿ ರಕ್ತಕಣಗಳನ್ನು ಹೀಗೆ ಕೆರಳಿಸುವ, ನಮ್ಮ ದೇಹವೇ ತಯಾರಿಸುವ ಪ್ರತಿಕಾಯ. ಎಂಪಿಒ ಅದರ ಒಂದು ಬಗೆ. ಗೋಡೆ ಒಡೆದು ರಕ್ತ ಮೂತ್ರಕ್ಕೆ ಸೋರುತ್ತದೆ. ಒಡೆದ ಜಾಗದಲ್ಲಿ ಜೀವಕೋಶಗಳು ಗುಡ್ಡೆ ಬಿದ್ದು, ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಬಿದಿಗೆ ಚಂದ್ರನ ಆಕಾರದಲ್ಲಿ ಕಾಣುತ್ತವೆ. ಆ ಚಂದ್ರ ಬೆಳೆದಂತೆ ಜರಡಿ ಅದುಮಿ ಹೋಗುತ್ತದೆ. ಮೊದಲು ಇದು ಕೆಂಡದ ಹಾಗೆ. ಔಷಧಿಯಿಂದ ಆರಿಸಬಹುದು. ಕೆಲವು ವಾರ ಬಿಟ್ಟರೆ ಬೂದಿಯಾಗುತ್ತದೆ, ಅಂದರೆ ಗಾಯ ಒಣಗಿ ಕಲೆಯಾಗುತ್ತದೆ. ಆಮೇಲೆ ಯಾವ ಔಷಧಿಯೂ ಆ ಜರಡಿಯನ್ನು ವಾಪಸ್ ತರುವುದಿಲ್ಲ.

ಕ್ರಿಯಾಟಿನಿನ್ ಅಂದರೆ ಮಾಂಸಖಂಡದಿಂದ ರಕ್ತಕ್ಕೆ ಬರುವ ಕಸ. ಕಿಡ್ನಿ ಸೊರಗಿದರೆ ಅದು ಹೊರಹೋಗದೆ ರಕ್ತದಲ್ಲಿ ಏರುತ್ತದೆ. ಐದು ವಾರದಲ್ಲಿ 1.1ರಿಂದ 4.6 ಅಂದರೆ ಕೆಂಡ ಇನ್ನೂ ಉರಿಯುತ್ತಿದೆ ಅಂತಲೇ ಅರ್ಥ. ಅದು ಕೆಟ್ಟ ಸುದ್ದಿ. ಆದರೆ ಉಳಿಸಿಕೊಳ್ಳಲು ಇನ್ನೂ ಜರಡಿಗಳಿವೆ ಅನ್ನುವ ಸುದ್ದಿಯೂ ಅದೇ.

ಉರಿಮೂತ್ರ ಅಂತ ಎರಡು ಸಲ ಮಾತ್ರೆ ಕೊಟ್ಟದ್ದರ ಬಗ್ಗೆ ಒಂದು ಮಾತು. ಇದು ಬಹಳ ಕಡೆ ನಡೆಯುತ್ತದೆ. ವಯಸ್ಸಾದ ಹೆಂಗಸರ ಮೂತ್ರದಲ್ಲಿ ರಕ್ತಕಣ ಕಂಡ ಕೂಡಲೇ ಸೋಂಕು ಅಂದುಕೊಳ್ಳುತ್ತೇವೆ. ಉರಿ ಇಲ್ಲ, ಜ್ವರ ಇಲ್ಲ, ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ, ಆದರೂ ರಕ್ತ ಮತ್ತು ಪ್ರೋಟೀನ್ ಎರಡೂ ಹೋಗುತ್ತಿವೆ ಅಂದರೆ ಎರಡನೇ ಆಂಟಿಬಯೋಟಿಕ್ ಬರೆಯುವ ಮೊದಲು ಕ್ರಿಯಾಟಿನಿನ್ ನೋಡಬೇಕು. ಇನ್ನೊಂದು ವಿಷಯ. ಸಣಕಲು ಮೈಯ ಅಜ್ಜಿಯರಲ್ಲಿ ಮಾಂಸಖಂಡ ಕಡಿಮೆ. ಹಾಗಾಗಿ ಕ್ರಿಯಾಟಿನಿನ್ 1.4 ಇದ್ದಾಗಲೇ ಕಿಡ್ನಿ ಅರ್ಧಕ್ಕಿಂತ ಜಾಸ್ತಿ ಸೊರಗಿರಬಹುದು. "ಸ್ವಲ್ಪ ಏರಿದೆ ಅಷ್ಟೇ" ಅಂತ ಬಿಡುವ ಹಾಗಿಲ್ಲ.

ಈಗ ಸೋದರಮಾವನವರ ಮಾತಿಗೆ ಬರೋಣ. ಅಕ್ಕನ ಮೇಲಿನ ಪ್ರೀತಿಯಿಂದಲೇ ಹಾಗೆ ಹೇಳಿದ್ದಾರೆ, ಗೊತ್ತು. ಆದರೆ ಅವರಿಗೆ ಎರಡು ವಿಷಯ ಹೇಳಿ. ಒಂದು, ಈ ಕಾಯಿಲೆ ಹೆಚ್ಚಾಗಿ ಬರುವುದೇ ಅರವತ್ತು, ಎಪ್ಪತ್ತರ ವಯಸ್ಸಿನಲ್ಲಿ. ವಯಸ್ಸಾದವರಿಗೆ ಚಿಕಿತ್ಸೆ ಇಲ್ಲ ಅಂದರೆ ಈ ಕಾಯಿಲೆಗೇ ಚಿಕಿತ್ಸೆ ಇಲ್ಲ ಅಂದ ಹಾಗೆ. ಎರಡು, ಸುಮ್ನೆ ಬಿಟ್ಟರೆ ಹಿಂಸೆ ತಪ್ಪುವುದಿಲ್ಲ. ಈ ಗುಂಪಿನ ಕಾಯಿಲೆಗಳಲ್ಲೊಂದಾದ, ಆಗ ವೆಗೆನರ್ಸ್ ಅಂತ ಕರೆಯುತ್ತಿದ್ದ ಕಾಯಿಲೆಯ ಬಗ್ಗೆ 1958ರಲ್ಲಿ ಬ್ರಿಟನ್ನಿನ ವೈದ್ಯರೊಬ್ಬರು ಲೆಕ್ಕ ಹಾಕಿದ್ದರು. ಒಳ್ಳೆಯ ಔಷಧಿ ಇಲ್ಲದ ಆ ಕಾಲದಲ್ಲಿ ರೋಗಿಗಳು ಬದುಕಿದ್ದು ಸರಾಸರಿ 5 ತಿಂಗಳು. ನೂರಕ್ಕೆ 82 ಜನ ವರ್ಷದೊಳಗೆ ತೀರಿಕೊಂಡಿದ್ದರು. ಅದನ್ನು ಬದಲಾಯಿಸಿದ್ದು ನೀವು ಹೆದರುತ್ತಿರುವ ಸೈಕ್ಲೋಫಾಸ್ಫಮೈಡೇ.

ಹೌದು, ಅದು ಕ್ಯಾನ್ಸರಿಗೂ ಕೊಡುವ ಔಷಧಿ. ಆದರೆ ಇಲ್ಲಿ ಕೊಡುವ ಪ್ರಮಾಣ ಬೇರೆ. ಲೆಕ್ಕ ನೀವೇ ನೋಡಿ. ಚಿಕ್ಕ ವಯಸ್ಸಿನವರಿಗೆ ಒಂದು ಸಲಕ್ಕೆ ಕೆಜಿಗೆ 15 ಮಿ.ಗ್ರಾಂ. 60 ದಾಟಿದರೆ ಅದರಲ್ಲಿ 2.5 ಕಡಿಮೆ ಮಾಡುತ್ತೇವೆ. 70 ದಾಟಿದರೆ 5 ಕಡಿಮೆ. ಕ್ರಿಯಾಟಿನಿನ್ 3.4ಕ್ಕಿಂತ ಮೇಲಿದ್ದರೆ ಇನ್ನೂ 2.5 ಕಡಿಮೆ. ನಿಮ್ಮ ಅಮ್ಮನ ವಿಷಯದಲ್ಲಿ 15ರಲ್ಲಿ 7.5 ಕಳೆದರೆ ಉಳಿಯುವುದು 7.5. ಐವತ್ತು ಕೆಜಿಗೆ 375 ಮಿ.ಗ್ರಾಂ. ಇದೇ ತೂಕದ ಮೂವತ್ತು ವರ್ಷದವರಿಗೆ ಕಿಡ್ನಿ ಚೆನ್ನಾಗಿದ್ದರೆ 750 ಕೊಡುತ್ತಿದ್ದೆವು. ಅಂದರೆ ಸರಿಯಾಗಿ ಅರ್ಧ. ಮೊದಲ ಮೂರು ಇಂಜೆಕ್ಷನ್ ಎರಡು ವಾರಕ್ಕೊಮ್ಮೆ, ಆಮೇಲೆ ಮೂರು ವಾರಕ್ಕೊಮ್ಮೆ. ಪ್ರತಿ ಸಲವೂ ಮುಂದಿನದರ ಮೊದಲು ಬಿಳಿ ರಕ್ತಕಣದ ಎಣಿಕೆ ನೋಡಿಯೇ ಕೊಡುತ್ತಾರೆ. ನಿಮ್ಮ ಡಾಕ್ಟರನ್ನು ಧೈರ್ಯವಾಗಿ ಕೇಳಿ: "ವಯಸ್ಸಿಗೆ, ಕಿಡ್ನಿಗೆ ತಕ್ಕ ಹಾಗೆ ಡೋಸ್ ಇಳಿಸಿದ್ದೀರಾ ಸರ್?" ಯಾರೂ ತಪ್ಪು ತಿಳಿಯುವುದಿಲ್ಲ.

ಡೋಸ್ ಕಡಿಮೆ ಮಾಡಿದರೆ ಕೆಲಸ ಮಾಡುತ್ತಾ ಅಂತ ನಿಮಗೆ ಅನುಮಾನ ಬರಬಹುದು. ಫ್ರಾನ್ಸಿನಲ್ಲಿ 65 ದಾಟಿದ 104 ಜನರ ಮೇಲೆ ಇದನ್ನೇ ಪರೀಕ್ಷಿಸಿದ್ದರು. ಸರಾಸರಿ ವಯಸ್ಸು 75. ಫಲಿತಾಂಶ 2015ರಲ್ಲಿ ಬಂತು. ಒಂದು ಗುಂಪಿಗೆ ಆಗಿನ ವಾಡಿಕೆಯ ಚಿಕಿತ್ಸೆ, ಇನ್ನೊಂದಕ್ಕೆ ಕಡಿಮೆ ಸ್ಟಿರಾಯ್ಡ್ ಮತ್ತು ಕಡಿಮೆ ಸೈಕ್ಲೋಫಾಸ್ಫಮೈಡ್. ಕಡಿಮೆ ಪಡೆದವರಲ್ಲಿ ಗಂಭೀರ ತೊಂದರೆಗಳು ಕಡಿಮೆಯಾದವು. ಕಾಯಿಲೆ ಹತೋಟಿಗೆ ಬಂದದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಸ್ಟಿರಾಯ್ಡ್ ವಿಷಯವೂ ಹಾಗೆಯೇ ಬದಲಾಗಿದೆ. ಮೊದಲ ಮೂರು ದಿನ ನರಕ್ಕೆ ಮೀಥೈಲ್ ಪ್ರೆಡ್ನಿಸೋಲೋನ್ ಹಾಕುತ್ತಾರೆ. ಆಮೇಲೆ ಮಾತ್ರೆ. ಮೊದಲೆಲ್ಲ ತಿಂಗಳುಗಟ್ಟಲೆ ದೊಡ್ಡ ಪ್ರಮಾಣ ಕೊಡುತ್ತಿದ್ದೆವು. 2020ರಲ್ಲಿ ಹೊರಬಂದ ಪೆಕ್ಸಿವಾಸ್ ಅನ್ನುವ ದೊಡ್ಡ ಅಧ್ಯಯನದಲ್ಲಿ 704 ಜನ ಇದ್ದರು. ಅದರ ಪ್ರಕಾರ ಎರಡನೇ ವಾರಕ್ಕೇ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರೂ ಫಲ ಕಡಿಮೆಯಾಗಲಿಲ್ಲ, ಗಂಭೀರ ಸೋಂಕು ಕಡಿಮೆಯಾಯಿತು. 50 ಕೆಜಿಯವರಿಗೆ ಮೊದಲ ವಾರ ದಿನಕ್ಕೆ 60 ಮಿ.ಗ್ರಾಂ, ಎರಡನೇ ವಾರ 30, ಹಾಗೆ ಇಳಿಯುತ್ತಾ ನಾಲ್ಕು ತಿಂಗಳಿಗೆ 5ಕ್ಕೆ ಬರುತ್ತದೆ. ಇದೇ ಅಧ್ಯಯನದಿಂದ ಪ್ಲಾಸ್ಮಾ, ಅಂದರೆ ರಕ್ತದ ದ್ರವ ಭಾಗವನ್ನು, ಬದಲಾಯಿಸುವ ಚಿಕಿತ್ಸೆ ಎಲ್ಲರಿಗೂ ಬೇಕಿಲ್ಲ ಅಂತಲೂ ಗೊತ್ತಾಯಿತು. ಕ್ರಿಯಾಟಿನಿನ್ ತುಂಬಾ ಮೇಲಿದ್ದಾಗ ಕೆಲವರಿಗೆ ಯೋಚಿಸುತ್ತಾರೆ. ಅದರಿಂದ ಸೋಂಕಿನ ಭಯ ಏರುತ್ತದೆ ಅನ್ನುವುದೂ ನೆನಪಿರಲಿ.

ರಿಟುಕ್ಸಿಮ್ಯಾಬ್ ಅನ್ನುವ ಇನ್ನೊಂದು ಇಂಜೆಕ್ಷನ್ ಇದೆ. ಸೈಕ್ಲೋಫಾಸ್ಫಮೈಡ್‌ನಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ 2010ರಲ್ಲೇ ತೋರಿಸಿದ್ದಾರೆ. ಆದರೆ ಅದರ ಮುಖ್ಯ ಅಧ್ಯಯನದಲ್ಲಿ ಕ್ರಿಯಾಟಿನಿನ್ 4 ದಾಟಿದವರನ್ನು ಸೇರಿಸಿಕೊಂಡಿರಲಿಲ್ಲ. ಅದಕ್ಕೇ ನಿಮ್ಮ ಡಾಕ್ಟರು ಸೈಕ್ಲೋಫಾಸ್ಫಮೈಡ್ ಆರಿಸಿರಬಹುದು. ಕೆಲವರು ಎರಡನ್ನೂ ಸೇರಿಸಿ ಕೊಡುತ್ತಾರೆ. ಕಾಯಿಲೆ ಹತೋಟಿಗೆ ಬಂದ ಮೇಲೆ ಮತ್ತೆ ಏಳದ ಹಾಗೆ ಆರು ತಿಂಗಳಿಗೊಮ್ಮೆ 500 ಮಿ.ಗ್ರಾಂ ರಿಟುಕ್ಸಿಮ್ಯಾಬ್ ಕೊಡುವುದು ಈಗ ರೂಢಿ. 2007ರಿಂದ ನಮ್ಮ ದೇಶದ ಕಂಪನಿಯೇ ಇದನ್ನು ತಯಾರಿಸುತ್ತಿರುವುದರಿಂದ ಬೆಲೆ ಮೊದಲಿನಷ್ಟಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ಆಸ್ಪತ್ರೆಯ ಆರೋಗ್ಯ ಮಿತ್ರರ ಹತ್ತಿರ ಯಾವುದಕ್ಕೆ ಅನ್ವಯಿಸುತ್ತದೆ ಅಂತ ಮೊದಲ ದಿನವೇ ಕೇಳಿ.

ಬಯಾಪ್ಸಿಗೆ ಹೆದರಬೇಡಿ. ಬೋರಲು ಮಲಗಿಸಿ, ಸೊಂಟದ ಮೇಲ್ಭಾಗ ಮರಗಟ್ಟಿಸಿ, ಅಲ್ಟ್ರಾಸೌಂಡಿನಲ್ಲಿ ನೋಡುತ್ತಾ ಸೂಜಿಯಿಂದ ದಾರದ ತುಂಡಿನಂಥ ಎರಡು ಚೂರು ತೆಗೆಯುತ್ತಾರೆ. ಟಕ್ ಅಂತ ಸದ್ದು ಬರುತ್ತದೆ. ಆ ಸದ್ದಿಗೇ ಜಾಸ್ತಿ ಜನ ಬೆಚ್ಚುವುದು. ಆಮೇಲೆ ಕೆಲವು ಗಂಟೆ ಅಂಗಾತ ಮಲಗಿರಬೇಕು. ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಎಷ್ಟು ಕೆಂಡ, ಎಷ್ಟು ಬೂದಿ ಅಂತ ಹೇಳುವುದು ಈ ಚೂರೇ. ಆದರೆ ಬಯಾಪ್ಸಿಯ ದಿನ ಸಿಗಲಿಲ್ಲ ಅಂತ ಸ್ಟಿರಾಯ್ಡ್ ತಡ ಮಾಡುವುದು ಬೇಡ. ಮೂತ್ರದಲ್ಲಿ ರಕ್ತ, ಏರುತ್ತಿರುವ ಕ್ರಿಯಾಟಿನಿನ್, ಆಂಕಾ ಪಾಸಿಟಿವ್, ಸೋಂಕಿನ ಸುಳಿವಿಲ್ಲ: ಇಷ್ಟಿದ್ದರೆ ಶುರು ಮಾಡಿ ಎರಡು ಮೂರು ದಿನದಲ್ಲಿ ಬಯಾಪ್ಸಿ ಮಾಡಬಹುದು.

ಈಗ ನಾನು ಬಹಳ ಒತ್ತಿ ಹೇಳಬೇಕಾದ ಮಾತು. ಚಿಕಿತ್ಸೆ ಶುರುವಾದ ಮೊದಲ ವರ್ಷದಲ್ಲಿ ಕಾಯಿಲೆಗಿಂತ ದೊಡ್ಡ ಶತ್ರು ಸೋಂಕು. ಯುರೋಪಿನ ಅಧ್ಯಯನಗಳಲ್ಲಿದ್ದ 524 ರೋಗಿಗಳಲ್ಲಿ ಮೊದಲ ವರ್ಷ 56 ಜನ ತೀರಿಕೊಂಡರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ಕಳೆದುಕೊಂಡದ್ದು ಚಿಕಿತ್ಸೆಯ ಅಡ್ಡಪರಿಣಾಮಗಳಿಂದ, ಮುಖ್ಯವಾಗಿ ಸೋಂಕಿನಿಂದ. ಕಾಯಿಲೆಯಿಂದಲೇ ಹೋದವರು ಅದಕ್ಕಿಂತ ಬಹಳ ಕಡಿಮೆ. ಹಾಗಂತ ಔಷಧಿ ಬಿಡುವುದಲ್ಲ. ಕಾವಲು ಗಟ್ಟಿ ಮಾಡುವುದು.

ಮೊದಲೇ ಹೆಪಟೈಟಿಸ್ ಬಿ, ಎಚ್‌ಐವಿ, ಎದೆಯ ಎಕ್ಸ್‌ರೇ ನೋಡಬೇಕು. ನಮ್ಮ ಕಡೆ ಹಳೆಯ ಟಿಬಿ ಮೈಯಲ್ಲಿ ಮಲಗಿರುವವರು ಬಹಳ. ಚಿಕ್ಕವರಿದ್ದಾಗ ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತಾ ಅಂತ ಅಮ್ಮನನ್ನೇ ಕೇಳಿ ಡಾಕ್ಟರಿಗೆ ಹೇಳಿ. ಗದ್ದೆ ತೋಟದಲ್ಲಿ ಬರಿಗಾಲಲ್ಲಿ ಓಡಾಡಿದವರ ಹೊಟ್ಟೆಯಲ್ಲಿ ಒಂದು ಜಾತಿಯ ಹುಳ ವರ್ಷಗಟ್ಟಲೆ ಇರುತ್ತದೆ. ಸ್ಟಿರಾಯ್ಡ್ ಕೊಟ್ಟಾಗ ಅದು ಮೈಯೆಲ್ಲ ಹರಡಿ ಪ್ರಾಣಕ್ಕೆ ಕುತ್ತು ತರಬಹುದು. ಐವರ್‌ಮೆಕ್ಟಿನ್ ಮಾತ್ರೆಯಿಂದ ತಡೆಯಬಹುದು. ಶ್ವಾಸಕೋಶದ ಒಂದು ವಿಶೇಷ ಸೋಂಕು ಬಾರದ ಹಾಗೆ ಕೋಟ್ರೈಮಾಕ್ಸಜೋಲ್ ಮಾತ್ರೆಯನ್ನು ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ಸಲ್ಫಾ ಅಲರ್ಜಿ ಇದ್ದರೆ ಹೇಳಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಕೇಳಿ ಹಾಕಿಸಿ.

ವಯಸ್ಸಾದವರು ಸ್ಟಿರಾಯ್ಡ್ ಮೇಲಿರುವಾಗ ಸೋಂಕು ಬಂದರೂ ಜ್ವರ ಬರದೇ ಇರಬಹುದು. ಬೆಳಗ್ಗೆ ಎದ್ದವರು ಸುಮ್ಮನೆ ಮಂಕಾಗಿ ಕೂತಿದ್ದಾರೆ, ತಿಂಡಿ ಬೇಡ ಅಂದರು, ಏನೋ ತೊದಲಿದರು. ಅಷ್ಟೇ ಸೂಚನೆ ಸಾಕು, ಹೊರಡಿ. ಸರ್ಪಸುತ್ತು ಎದ್ದರೆ ಕೆಮ್ಮಣ್ಣು ಹಚ್ಚಿ ಕಾಯಬೇಡಿ. ಮೂರು ದಿನದೊಳಗೆ ಮಾತ್ರೆ ಶುರುವಾದರೆ ಫಲ ಜಾಸ್ತಿ, ಆ ಮಾತ್ರೆಯ ಡೋಸನ್ನೂ ಕಿಡ್ನಿಗೆ ತಕ್ಕಂತೆ ಇಳಿಸಬೇಕು. ಸಕ್ಕರೆ ನೋಡುವಾಗ ಬರೀ ಖಾಲಿ ಹೊಟ್ಟೆಯದ್ದು ನೋಡಿ ಸಮಾಧಾನ ಪಡಬೇಡಿ. ಬೆಳಗ್ಗೆ ತೆಗೆದುಕೊಂಡ ಸ್ಟಿರಾಯ್ಡ್ ಸಕ್ಕರೆಯನ್ನು ಏರಿಸುವುದು ಮಧ್ಯಾಹ್ನದ ಮೇಲೆ.

ನನ್ನ ಹತ್ತಿರ ಬರುತ್ತಿದ್ದ ಅಡಿಕೆ ತೋಟದ ಅಜ್ಜರೊಬ್ಬರು ನೆನಪಾಗುತ್ತಾರೆ. 78 ವರ್ಷ. ಬಂದಾಗ ಡಯಾಲಿಸಿಸ್ ಬೇಕೇ ಬೇಕಿತ್ತು. ಸೊಸೆ ಜೊತೆಗೆ ಬರುತ್ತಿದ್ದರು. ಕೈಯಲ್ಲಿ ಮಗಳ ಹಳೆಯ ಶಾಲೆ ನೋಟ್‌ಬುಕ್. ಅದರ ಹಿಂದಿನ ಹಾಳೆಗಳಲ್ಲಿ ಸ್ಕೇಲಿಟ್ಟು ಗೆರೆ ಎಳೆದಿದ್ದರು: ತಾರೀಖು, ತೂಕ, ಬಿಪಿ, ಮೂತ್ರ ಎಷ್ಟು ಲೋಟ, ಜ್ವರ ಎಷ್ಟು. ಒಂದು ದಿನದ ಸಾಲಿನಲ್ಲಿ "ಮಾವ ಪೇಪರ್ ಓದಲಿಲ್ಲ" ಅಂತ ಬರೆದಿತ್ತು. ಅದನ್ನು ನೋಡಿಯೇ ಎದೆಯ ಎಕ್ಸ್‌ರೇ ತೆಗೆಸಿದೆ. ನ್ಯುಮೋನಿಯಾ ಶುರುವಾಗಿತ್ತು. ಬೇಗ ಸಿಕ್ಕಿದ್ದರಿಂದ ಉಳಿದರು. ಐದು ವಾರಕ್ಕೆ ಡಯಾಲಿಸಿಸ್ ಬಿಟ್ಟೆವು. ಕ್ರಿಯಾಟಿನಿನ್ 2ರ ಹತ್ತಿರ ನಿಂತಿತು. ಮೊದಲಿನ ಕಿಡ್ನಿ ವಾಪಸ್ ಬರಲಿಲ್ಲ, ಆದರೆ ಮುಂದಿನ ಕೊಯ್ಲಿಗೆ ಅಂಗಳದಲ್ಲಿ ಕೂತು ಅಡಿಕೆ ಆರಿಸುತ್ತಿದ್ದರು. ನೀವೂ ಒಂದು ನೋಟ್‌ಬುಕ್ ಇಡಿ.

ಅಮ್ಮ ಕೆಮ್ಮಿದಾಗ ಕಫದಲ್ಲಿ ರಕ್ತ ಕಂಡರೆ ಅಥವಾ ಏದುಸಿರು ಬಂದರೆ ಕಾಯಿಲೆ ಶ್ವಾಸಕೋಶಕ್ಕೂ ಬಂದಿರಬಹುದು. ರಾತ್ರಿಯಾದರೂ ಸರಿ, ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ.

ಪ್ರಶ್ನೆ: ಅಪ್ಪನಿಗೆ 68. ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಕಾಲಿನ ಹುಣ್ಣು ಕೀವಾಗಿ ಮೂರು ವಾರ ಆಗಿತ್ತು. ಈಗ ಮೈ ಊದಿ, ಮೂತ್ರ ಕೆಂಪಾಗಿ, ಕ್ರಿಯಾಟಿನಿನ್ 3.8 ಆಗಿದೆ. ಕಿಡ್ನಿ ಉರಿಯೂತ ಅಂದರು. ಪಕ್ಕದ ಮನೆ ದೊಡ್ಡಮ್ಮನಿಗೆ ಇದಕ್ಕೇ ಸ್ಟಿರಾಯ್ಡ್ ಕೊಟ್ಟು ವಾಸಿಯಾಯಿತು. ನಮ್ಮ ಡಾಕ್ಟರು ಯಾಕೆ ಕೊಡುತ್ತಿಲ್ಲ?
— ಓದುಗರು, ಉಡುಪಿ

ಉತ್ತರ: ಕೊಡದೇ ಇರುವುದೇ ಸರಿ ಇರಬಹುದು. ಉರಿಯೂತ ಅನ್ನುವ ಹೆಸರು ಒಂದೇ, ಕಾರಣ ಬೇರೆ. ಕಾಲಿನ ಹುಣ್ಣಿನಲ್ಲಿರುವ ಸ್ಟ್ಯಾಫ್ ಅನ್ನುವ ಬ್ಯಾಕ್ಟೀರಿಯಾದ ವಿರುದ್ಧ ದೇಹ ಹೋರಾಡುವಾಗ ಅದರ ಕಸ ಕಿಡ್ನಿಯ ಜರಡಿಯಲ್ಲಿ ಸಿಕ್ಕಿಕೊಂಡು ಉರಿಯೂತ ಬರುತ್ತದೆ. ಸಕ್ಕರೆ ಇರುವ ಹಿರಿಯರಲ್ಲಿ ಇದನ್ನು ನೋಡುತ್ತಲೇ ಇರುತ್ತೇವೆ. ಇಲ್ಲಿ ಚಿಕಿತ್ಸೆ ಅಂದರೆ ಆ ಹುಣ್ಣಿನದೇ ಚಿಕಿತ್ಸೆ. ಕೀವು ತೆಗೆಯಬೇಕು, ಮೂಳೆಗೆ ಇಳಿದಿದೆಯಾ ನೋಡಬೇಕು, ಸರಿಯಾದ ಆಂಟಿಬಯೋಟಿಕ್ ಬೇಕಾದಷ್ಟು ದಿನ ಕೊಡಬೇಕು. ಕೀವು ಒಳಗಿರುವಾಗ ಸ್ಟಿರಾಯ್ಡ್ ಕೊಟ್ಟರೆ ಸೋಂಕು ರಕ್ತಕ್ಕೆ ಹರಡಬಹುದು.

ರಕ್ತದ ಕಲ್ಚರ್ ಮತ್ತು ಹೃದಯದ ಎಕೋ ಆಗಿದೆಯಾ ಕೇಳಿ. ಹೃದಯದ ಕವಾಟದಲ್ಲಿ ಸೋಂಕು ಕೂತಿದ್ದರೆ ಅದೂ ಹೀಗೆಯೇ ಕಿಡ್ನಿ ಕೆಡಿಸುತ್ತದೆ, ಕೆಲವು ಸಲ ಆಂಕಾ ಪರೀಕ್ಷೆಯನ್ನೂ ಪಾಸಿಟಿವ್ ಮಾಡಿಬಿಡುತ್ತದೆ. ಬರೀ ಆ ಒಂದು ರಿಪೋರ್ಟ್ ನೋಡಿ ಸ್ಟಿರಾಯ್ಡ್ ಶುರು ಮಾಡಿದರೆ ದೊಡ್ಡ ಅನಾಹುತ. ಮಕ್ಕಳಲ್ಲಿ ಸೋಂಕಿನ ನಂತರದ ಉರಿಯೂತ ಸಾಮಾನ್ಯವಾಗಿ ಪೂರ್ತಿ ವಾಸಿಯಾಗುತ್ತದೆ. ಅಪ್ಪನ ವಯಸ್ಸಿನಲ್ಲಿ, ಸಕ್ಕರೆಯೂ ಇರುವಾಗ, ಎಷ್ಟೋ ಸಲ ಪೂರ್ತಿ ಬರುವುದಿಲ್ಲ. ಇದನ್ನು ಮೊದಲೇ ತಿಳಿದಿರಿ, ಡಾಕ್ಟರ ಮೇಲೆ ಕೋಪ ಬರುವುದು ಕಡಿಮೆಯಾಗುತ್ತದೆ.

ಪ್ರಶ್ನೆ: ಅತ್ತೆಗೆ ಕಿಡ್ನಿ ಉರಿಯೂತಕ್ಕೆ ಚಿಕಿತ್ಸೆ ನಡೆಯುತ್ತಿದೆ. ಊಟದಲ್ಲಿ ಏನು ಬಿಡಬೇಕು? ನೆಂಟರು ಬಾಳೆದಿಂಡಿನ ರಸ, ಎಳನೀರು ಕೊಡಿ ಅನ್ನುತ್ತಾರೆ.
— ಓದುಗರು, ದಾವಣಗೆರೆ

ಉತ್ತರ: ಎರಡೂ ಬೇಡ. ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ, ಸೊರಗಿದ ಕಿಡ್ನಿ ಅದನ್ನು ಹೊರಹಾಕುವುದಿಲ್ಲ, ಹೃದಯದ ಬಡಿತ ಏರುಪೇರಾಗುತ್ತದೆ. ಸೋಡಿಯಂ ಕಡಿಮೆ ಅಂತ ಮಾರುವ ಉಪ್ಪಿನಲ್ಲೂ ಪೊಟ್ಯಾಸಿಯಂ ಇರುತ್ತದೆ. ಮಾಮೂಲಿ ಉಪ್ಪನ್ನೇ ಕಡಿಮೆ ಹಾಕಿ. ಉಪ್ಪಿನಕಾಯಿ, ಹಪ್ಪಳ ಸದ್ಯಕ್ಕೆ ದೂರ ಇರಲಿ. ದಾರೆಹುಳಿ, ಬಿಂಬುಳಿ ರಸವನ್ನಂತೂ ಮುಟ್ಟಿಸಲೇಬೇಡಿ, ಅವು ಕಿಡ್ನಿಗೆ ನೇರವಾಗಿ ಪೆಟ್ಟು ಕೊಡುತ್ತವೆ. ಮಂಡಿನೋವಿಗೆ ಅಂಗಡಿಯಿಂದ ತರುವ ಡೈಕ್ಲೋಫೆನಾಕ್ ಕೂಡ ಹಾಗೆಯೇ. ಆದರೆ ಬೇಳೆ, ಮೊಟ್ಟೆ ಪೂರ್ತಿ ನಿಲ್ಲಿಸಬೇಡಿ. ಸ್ಟಿರಾಯ್ಡ್ ಮಾಂಸಖಂಡ ಕರಗಿಸುತ್ತದೆ, ಹೊಟ್ಟೆಗೆ ಸರಿಯಾಗಿ ಬೀಳದಿದ್ದರೆ ಎದ್ದು ಓಡಾಡಲೂ ಆಗುವುದಿಲ್ಲ. ಪ್ರಮಾಣವನ್ನು ನಿಮ್ಮ ಆಸ್ಪತ್ರೆಯ ಡಯಟೀಷಿಯನ್ ಹತ್ತಿರ ಬರೆಸಿಕೊಳ್ಳಿ. ಮುಖ ಊದಿತು ಅಂತ ಸ್ಟಿರಾಯ್ಡ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ತಟ್ಟನೆ ನಿಲ್ಲಿಸಿದರೆ ಬಿಪಿ ಕುಸಿದು ಬೀಳುತ್ತಾರೆ.

ಪ್ರಶ್ನೆ: ನನ್ನ ಯಜಮಾನರಿಗೆ 81. ಆಂಕಾ ಕಾಯಿಲೆಯಿಂದ ನಾಲ್ಕು ತಿಂಗಳಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ಬಯಾಪ್ಸಿಯಲ್ಲಿ ಹೆಚ್ಚಿನ ಜರಡಿಗಳು ಕಲೆಯಾಗಿವೆ ಅಂತ ಬಂದಿತ್ತು. ಎರಡು ಸಲ ಸೋಂಕಾಗಿ ಆಸ್ಪತ್ರೆ ಸೇರಿದ್ದರು. ಈಗ ಇಂಜೆಕ್ಷನ್ ನಿಲ್ಲಿಸೋಣ ಅನ್ನುತ್ತಿದ್ದಾರೆ ಡಾಕ್ಟರು. ಕೈಬಿಟ್ಟರಾ?
— ಓದುಗರು, ಮೈಸೂರು

ಉತ್ತರ: ಇಲ್ಲಮ್ಮ, ಕೈಬಿಟ್ಟಿಲ್ಲ. ಮೂರು ತಿಂಗಳು ಕಳೆದರೂ ಡಯಾಲಿಸಿಸ್ ಬಿಡಲು ಆಗಿಲ್ಲ, ಶ್ವಾಸಕೋಶ, ನರ, ಬೇರೆಲ್ಲೂ ಕಾಯಿಲೆ ಇಲ್ಲ ಅಂದರೆ ಇಂಜೆಕ್ಷನ್ ನಿಲ್ಲಿಸುವುದನ್ನು ಯೋಚಿಸಬೇಕು ಅಂತಲೇ ಈಗಿನ ಅಂತಾರಾಷ್ಟ್ರೀಯ ಮಾರ್ಗಸೂಚಿಯೂ ಹೇಳುತ್ತದೆ. ಕಲೆಯಾದ ಜರಡಿಗೆ ಆ ಔಷಧಿಯಿಂದ ಇನ್ನು ಪ್ರಯೋಜನವಿಲ್ಲ. ಮೂರನೇ ಸೋಂಕಿಗೆ ಮಾತ್ರ ದಾರಿ ಮಾಡಿಕೊಡುತ್ತದೆ. ಮೊದಲ ಪತ್ರದ ತಾಯಿಗೆ ಬೇಗ ಶುರು ಮಾಡಿ ಅಂದೆ. ನಿಮ್ಮ ಯಜಮಾನರಿಗೆ ನಿಲ್ಲಿಸಿ ಅನ್ನುತ್ತಿದ್ದೇನೆ. ಎರಡಕ್ಕೂ ವಯಸ್ಸು ಕಾರಣವಲ್ಲ. ಬಯಾಪ್ಸಿಯಲ್ಲಿ ಉಳಿದಿರುವುದೇನು ಅನ್ನುವುದು ಕಾರಣ.

ಇಂಜೆಕ್ಷನ್ ನಿಂತರೂ ಕಾಯಿಲೆಯ ಮೇಲೆ ಕಣ್ಣಿಟ್ಟಿರಬೇಕು. ಡಯಾಲಿಸಿಸ್ ಮೇಲಿರುವವರಲ್ಲಿ ಇದು ಮತ್ತೆ ಏಳುವುದು ಕಡಿಮೆ, ಆದರೂ ಏಳಬಹುದು. ಕಫದಲ್ಲಿ ರಕ್ತ, ಕಣ್ಣು ಕೆಂಪಾಗಿ ನೋವು, ಪಾದ ಅಥವಾ ಮುಂಗೈ ತಟ್ಟನೆ ಜೋತು ಬೀಳುವುದು, ಮೂಗಿನಿಂದ ಪದೇ ಪದೇ ರಕ್ತ: ಇವುಗಳಲ್ಲಿ ಯಾವುದು ಕಂಡರೂ ಡಯಾಲಿಸಿಸ್ ದಿನಕ್ಕೆ ಕಾಯದೆ ಫೋನ್ ಮಾಡಿ.

ಇನ್ನೊಂದು ವಿಷಯ ನೀವು ಕೇಳಿಲ್ಲ, ನಾನಾಗಿಯೇ ಹೇಳುತ್ತೇನೆ. ಡಯಾಲಿಸಿಸ್ ದಿನ ಮನೆಗೆ ಬಂದ ಮೇಲೆ ಅವರು ಹೇಗಿರುತ್ತಾರೆ? ಸಂಜೆ ಎದ್ದು ಕೂತು ನಿಮ್ಮ ಜೊತೆ ಕಾಫಿ ಕುಡಿಯುತ್ತಾರಾ, ಮರುದಿನದವರೆಗೂ ಮಲಗೇ ಇರುತ್ತಾರಾ? ಅದನ್ನು ಡಾಕ್ಟರಿಗೆ ಹೇಳಿ. ವಾರಕ್ಕೆ ಮೂರರ ಬದಲು ಎರಡು ಸಲ ಸಾಕಾಗುತ್ತಾ, ಒಂದು ಸಲಕ್ಕೆ ನೀರು ತೆಗೆಯುವುದನ್ನು ನಿಧಾನ ಮಾಡಬಹುದಾ ಅಂತ ನೋಡುತ್ತಾರೆ. ಇನ್ನೂ ಸ್ವಲ್ಪ ಮೂತ್ರ ಬರುತ್ತಿದ್ದರೆ ಇದು ಎಷ್ಟೋ ಜನರಿಗೆ ಆಗುತ್ತದೆ. ದೂರ ಹೋಗುವುದೇ ಕಷ್ಟವಾಗುತ್ತಿದ್ದರೆ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತ ಡಯಾಲಿಸಿಸ್ ಇದೆಯಾ ವಿಚಾರಿಸಿ. ಮುಂದಿನ ಸಲ ಡಾಕ್ಟರ ಕೋಣೆಗೆ ಹೋಗುವಾಗ ರಿಪೋರ್ಟ್‌ಗಳ ಜೊತೆ ಯಜಮಾನರನ್ನೂ ಒಳಗೆ ಕರೆದುಕೊಂಡು ಹೋಗಿ. ಹೊರಗಿನ ಬೆಂಚಿನ ಮೇಲೆ ಕೂರಿಸಿ ನಾವು ನಾವೇ ತೀರ್ಮಾನ ಮಾಡುವುದು ನಮ್ಮಲ್ಲಿ ಜಾಸ್ತಿ. ಅವರಿಗೇನು ಬೇಕು ಅಂತ ಅವರೇ ಹೇಳಲಿ.